ಗೆದ್ದದ್ದು ಗುಜರಿಗೆ, ಮುಳುಗಿದ್ದು ಮ್ಯೂಸಿಯಂಗೆ

ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಹೆಸರು ಕೇಳದವರು ಕಡಿಮೆ. ಅದರ ಆಳದಲ್ಲಿ ಉದ್ದ ಕತ್ತಿನ ದೈತ್ಯ ಪ್ರಾಣಿಯೊಂದು ಅಡಗಿದೆ ಎಂಬ ಕಥೆ 1930ರ ದಶಕದಿಂದಲೂ ಜಗತ್ತನ್ನು ಸುತ್ತುತ್ತಿದೆ. 1976ರಲ್ಲಿ ಈ ಪ್ರಾಣಿಯನ್ನು ಪತ್ತೆ ಹಚ್ಚಲೆಂದೇ ಅಮೆರಿಕದಿಂದ ಬಂದ ತಂಡವೊಂದು, ಶಬ್ದತರಂಗಗಳಿಂದ ನೀರಿನ ತಳವನ್ನು ತಡಕುವ ಸೋನಾರ್ ಯಂತ್ರವನ್ನು ಸರೋವರದ ತುಂಬ ಎಳೆದಾಡಿತು. ಪ್ರಾಣಿ ಸಿಗಲಿಲ್ಲ. ಅದರ ಬದಲು ಸುಮಾರು 230 ಅಡಿ ಆಳದಲ್ಲಿ ರೆಕ್ಕೆ ಚಾಚಿ ಕುಳಿತ ವಿಮಾನವೊಂದರ ಆಕೃತಿ ಯಂತ್ರದ ಕಾಗದದ ಮೇಲೆ ಮೂಡಿತು.

ಮೊದಲು ಅದನ್ನು ನೀರಿನ ಮೇಲೂ ಇಳಿಯಬಲ್ಲ ಕ್ಯಾಟಲೀನಾ ವಿಮಾನವೆಂದು ಭಾವಿಸಲಾಯಿತು. ಎಡಿನ್‌ಬರೊದ ಹೆರಿಯಟ್-ವಾಟ್ ವಿಶ್ವವಿದ್ಯಾನಿಲಯದ ತಂತ್ರಜ್ಞರು ಮುಂದೆ ಕ್ಯಾಮೆರಾ ಇಳಿಸಿ ನೋಡಿದಾಗ ನಿಜ ತಿಳಿಯಿತು. ಅದು ಎರಡನೇ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಬ್ರಿಟಿಷ್ ವಾಯುಪಡೆಯ ಬೆನ್ನೆಲುಬಾಗಿದ್ದ ವೆಲಿಂಗ್ಟನ್ ಬಾಂಬರ್. ಅದರ ಸಂಖ್ಯೆ ಎನ್ 2980. ವೈಮಾನಿಕರು ಅದನ್ನು ಕರೆಯುತ್ತಿದ್ದುದು 'ಆರ್ ಫಾರ್ ರಾಬರ್ಟ್' ಎಂದು.

ಈ ವಿಮಾನ ಸಾಮಾನ್ಯದ್ದಾಗಿರಲಿಲ್ಲ. 1939ರ ಡಿಸೆಂಬರ್ 18ರಂದು ಜರ್ಮನಿಯ ಹೆಲಿಗೊಲೆಂಡ್ ಕೊಲ್ಲಿಯ ಮೇಲೆ ಹಾಡಹಗಲೇ ದಾಳಿಗೆ ಹೋದ 22 ವೆಲಿಂಗ್ಟನ್‌ಗಳ ಪೈಕಿ 12 ನಾಶವಾದವು. ಆ ಆಘಾತದ ನಂತರವೇ ಬ್ರಿಟನ್ ಹಗಲಿನ ಬಾಂಬ್ ದಾಳಿಯನ್ನು ಬಿಟ್ಟು ರಾತ್ರಿ ದಾಳಿಯತ್ತ ಹೊರಳಿತು. ಅಂದು ಬದುಕಿ ಮರಳಿದ ಕೆಲವೇ ವಿಮಾನಗಳಲ್ಲಿ ಇದೂ ಒಂದು. ಒಂದು ವರ್ಷದ ಬಳಿಕ, 1940ರ ಡಿಸೆಂಬರ್ 31ರಂದು, ತರಬೇತಿ ಹಾರಾಟದಲ್ಲಿದ್ದಾಗ ಹಿಮ ಸುರಿಯುತ್ತಿದ್ದ ಆಕಾಶದಲ್ಲಿ ಅದರ ಒಂದು ಎಂಜಿನ್ ಕೈಕೊಟ್ಟಿತು. ಪೈಲಟ್ ಉಳಿದವರಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವಂತೆ ಹೇಳಿದರು. ಹಿಂಬದಿಯ ಗನ್ನರ್ ಮಾತ್ರ ಪ್ಯಾರಾಚೂಟ್ ಕೈಕೊಟ್ಟು ಪ್ರಾಣ ಕಳೆದುಕೊಂಡರು. ಪೈಲಟ್ ಮತ್ತು ಸಹಪೈಲಟ್ ವಿಮಾನವನ್ನು ಸರೋವರದ ಮೇಲೆ ಇಳಿಸಿ, ರಬ್ಬರ್ ದೋಣಿ ಹತ್ತಿ ದಡ ಸೇರಿದರು. ವಿಮಾನ ಮುಳುಗಿತು.

1985ರ ಸೆಪ್ಟೆಂಬರಿನಲ್ಲಿ ಅದನ್ನು ಮೇಲೆತ್ತಿದಾಗ ಸುಮಾರು 45 ವರ್ಷ ನೀರಿನಲ್ಲಿದ್ದ ಅದರ ಬಾಲದ ದೀಪಗಳನ್ನು ಹೊಸ ಬ್ಯಾಟರಿಗೆ ಜೋಡಿಸಿ ನೋಡಿದರಂತೆ. ದೀಪಗಳು ಹತ್ತಿಕೊಂಡವು!

ಗೆದ್ದ ವಿಮಾನಗಳು ಎಲ್ಲಿ ಹೋದವು?

ಬ್ರಿಟನ್ ಒಟ್ಟು 11,461 ವೆಲಿಂಗ್ಟನ್‌ಗಳನ್ನು ತಯಾರಿಸಿತು. ಅವುಗಳಲ್ಲಿ ಇಂದು ಉಳಿದಿರುವುದು ಎರಡೇ ಎರಡು. ಆ ಎರಡರಲ್ಲಿ ಶತ್ರುವಿನ ಮೇಲೆ ಬಾಂಬ್ ಹಾಕಲು ಹೋಗಿ ಬಂದದ್ದು ಲಾಕ್ ನೆಸ್‌ನಲ್ಲಿ ಸಿಕ್ಕಿದ ವಿಮಾನ ಮಾತ್ರ. ಹಾಗಾದರೆ ಉಳಿದ ಸಾವಿರಾರು ವಿಮಾನಗಳು ಎಲ್ಲಿ ಹೋದವು ಎಂಬ ಪ್ರಶ್ನೆ ಏಳುವುದು ಸಹಜ.

ಉತ್ತರ ಸರಳವಾಗಿದೆ. ಯುದ್ಧದಲ್ಲಿ ನಾಶವಾದವು ನಾಶವಾದವು. ಉಳಿದವನ್ನು ಯುದ್ಧ ಮುಗಿದ ಮೇಲೆ ಗೆದ್ದವರೇ ಒಡೆದು ಕರಗಿಸಿದರು. ಅಮೆರಿಕದ ಆರಿಜೋನಾ ಮರುಭೂಮಿಯ ಕಿಂಗ್‌ಮನ್ ಎಂಬಲ್ಲಿಗೆ 1945-46ರಲ್ಲಿ ಸುಮಾರು 5,500 ಯುದ್ಧವಿಮಾನಗಳು ಹಾರಿ ಬಂದವು. ಅವು ಸಾಲಾಗಿ ನಿಂತವು, ಕತ್ತರಿಸಲ್ಪಟ್ಟವು, ಕುಲುಮೆಗೆ ಬಿದ್ದು ಅಲ್ಯೂಮಿನಿಯಂ ಗಟ್ಟಿಗಳಾದವು. ಬ್ರಿಟನ್ನಿನಲ್ಲೂ ಇದೇ ಕಥೆ. ಆರು ವರ್ಷ ಯುದ್ಧ ಮಾಡಿ ದಣಿದಿದ್ದ ಜನಕ್ಕೆ ವಿಮಾನ ಬೇಕಿರಲಿಲ್ಲ. ಅದರ ಲೋಹ ಬೇಕಿತ್ತು. ಜೆಟ್ ಯುಗ ಕಾಲಿಟ್ಟಿದ್ದರಿಂದ ಪ್ರೊಪೆಲ್ಲರ್ ಬಾಂಬರ್‌ಗಳು ರಾತ್ರೋರಾತ್ರಿ ಹಳತಾದವು. ಇವುಗಳಲ್ಲಿ ಒಂದೊಂದನ್ನಾದರೂ ಮುಂದಿನ ಪೀಳಿಗೆಗೆ ಉಳಿಸಬೇಕೆಂಬ ಯೋಚನೆ ಹೆಚ್ಚಿನ ಕಡೆ ಯಾರಿಗೂ ಹೊಳೆಯಲಿಲ್ಲ.

ಹೀಗಾಗಿ ಇತಿಹಾಸದಲ್ಲಿ ವಿಚಿತ್ರವೊಂದು ನಡೆಯಿತು. ತನ್ನ ಕೆಲಸವನ್ನು ಸರಿಯಾಗಿ ಮುಗಿಸಿ ಸುರಕ್ಷಿತವಾಗಿ ಮರಳಿದ ವಿಮಾನ ಕುಲುಮೆ ಸೇರಿತು. ಎಂಜಿನ್ ಕೆಟ್ಟು, ದಾರಿ ತಪ್ಪಿ, ಹೊಸ ಪೈಲಟ್‌ನ ಕೈ ತಪ್ಪಿ ನೀರಿಗೆ ಬಿದ್ದ ವಿಮಾನ ಉಳಿದುಕೊಂಡಿತು. ಸರೋವರಗಳಲ್ಲಿ ಯುದ್ಧವಿಮಾನಗಳನ್ನು ಹುಡುಕುವವರನ್ನು ನಿಧಿ ಹುಡುಕುವ ಹುಚ್ಚರೆಂದು ಹಲವರು ನಕ್ಕದ್ದುಂಟು. ಆದರೆ ಅವರು ಹುಡುಕುತ್ತಿರುವುದು ಬೇರೆಲ್ಲೂ ನಕಲು ಇಲ್ಲದ ದಾಖಲೆಯನ್ನು. ಆ ದಾಖಲೆ ಇನ್ನೆಷ್ಟು ಕಾಲ ಉಳಿದೀತು, ಅದನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂಬುದೇ ಇಂದಿನ ಪ್ರಶ್ನೆ.

ಸಿಹಿನೀರಿನ ಗುಣ

ಸಮುದ್ರದಲ್ಲೂ ವಿಮಾನಗಳು ಬಿದ್ದಿವೆ. ಸರೋವರಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬಿದ್ದಿವೆ. ಆದರೆ ಉಪ್ಪುನೀರು ವಿಮಾನಕ್ಕೆ ಶತ್ರು. ವಿಮಾನದ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡಾಗ ಅದರ ಮೇಲೆ ತೆಳುವಾದ ಪೊರೆಯೊಂದು ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಚುಚ್ಚಿ ಒಳಹೊಗುತ್ತದೆ. ಜೊತೆಗೆ ವಿಮಾನದಲ್ಲಿ ಅಲ್ಯೂಮಿನಿಯಂ, ಉಕ್ಕು, ತಾಮ್ರ ಎಲ್ಲವೂ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ತಾಗಿಕೊಂಡಿದ್ದರೆ ಅವುಗಳ ನಡುವೆ ಬ್ಯಾಟರಿಯಲ್ಲಿ ನಡೆಯುವಂಥದೇ ಕ್ರಿಯೆ ನಡೆದು ಒಂದು ಲೋಹ ಕರಗುತ್ತ ಹೋಗುತ್ತದೆ. ಕೆಲವು ದಶಕಗಳಲ್ಲಿ ಉಳಿಯುವುದು ಎಂಜಿನ್ ಮತ್ತು ಒಂದಷ್ಟು ಚೂರು.

ತಣ್ಣನೆಯ ದೇಶದ ಆಳವಾದ ಸಿಹಿನೀರಿನ ಸರೋವರದಲ್ಲಿ ಈ ಕ್ರಿಯೆ ಬಹಳ ನಿಧಾನ. ನೀರಿಗೆ ಒಂದು ವಿಶೇಷ ಗುಣವಿದೆ. ಅದು ಅತ್ಯಂತ ಭಾರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಷಿಯಸ್‌ನಲ್ಲಿ. ಆದ್ದರಿಂದ ಮೇಲೆ ಬೇಸಿಗೆಯಿರಲಿ, ಮಂಜುಗಡ್ಡೆಯಿರಲಿ, ಆಳವಾದ ತಳದಲ್ಲಿ ನೀರು ವರ್ಷವಿಡೀ ಹೆಚ್ಚುಕಡಿಮೆ 4 ಡಿಗ್ರಿಯಲ್ಲೇ ನಿಂತಿರುತ್ತದೆ. ಅಲ್ಲಿ ಬೆಳಕಿಲ್ಲ, ಅಲೆಗಳ ಹೊಡೆತವಿಲ್ಲ, ಜೀವಿಗಳೂ ಕಡಿಮೆ. ಒಂದು ಬಗೆಯ ಶೀತಲ ಪೆಟ್ಟಿಗೆಯಲ್ಲಿ ಇಟ್ಟಂತೆ ವಿಮಾನ ಉಳಿದುಕೊಳ್ಳುತ್ತದೆ. ಬಣ್ಣ, ಸಂಖ್ಯೆ, ಟೈರು, ಸೀಟಿನ ಪಟ್ಟಿ, ಕೆಲವೊಮ್ಮೆ ನಕ್ಷೆಯ ಕಾಗದ ಕೂಡ.

ವೆಲಿಂಗ್ಟನ್‌ನ ವಿಷಯದಲ್ಲಿ ಇನ್ನೊಂದು ಅನುಕೂಲವೂ ಆಯಿತು. ಬಾರ್ನ್ಸ್ ವಾಲಿಸ್ ಎಂಬ ಎಂಜಿನಿಯರ್ ಅದರ ಮೈಯನ್ನು ಬುಟ್ಟಿ ಹೆಣೆದಂತೆ ಅಡ್ಡಡ್ಡ ಲೋಹದ ಪಟ್ಟಿಗಳಿಂದ ಹೆಣೆದು ಮೇಲೆ ಬಟ್ಟೆ ಹೊದಿಸಿದ್ದರು. ಬಟ್ಟೆ ಹೋದರೂ ಹೆಣಿಗೆ ಉಳಿಯಿತು. ಇಂದು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿ, ಅಂದರೆ ಅದು ತಯಾರಾದ ಜಾಗದಲ್ಲೇ, ಆ ಹೆಣಿಗೆಯನ್ನು ಕಣ್ಣಾರೆ ನೋಡಬಹುದು.

ಮಿಷಿಗನ್‌ನ ಹಬೆಹಡಗುಗಳು

ಇಂಥ ಹುಡುಕಾಟ ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ಅಮೆರಿಕದ ಮಿಷಿಗನ್ ಸರೋವರದಲ್ಲಿ. ಸರೋವರ ಎಂದಾಗ ನಮ್ಮ ಕಣ್ಣಿಗೆ ಬರುವ ಕೆರೆಯಂಥದ್ದಲ್ಲ ಇದು. ಇದರ ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ.; ನಮ್ಮ ಇಡೀ ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಅತಿ ಆಳವಾದ ಕಡೆ 281 ಮೀಟರ್ ಆಳವಿದೆ.

ಸಮುದ್ರದಿಂದ ಬಹಳ ದೂರ ಒಳಗಿರುವ ಈ ಸರೋವರಕ್ಕೆ ನೌಕಾಪಡೆಯ ವಿಮಾನಗಳು ಬಂದದ್ದೇಕೆ? 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕಕ್ಕೆ ವಿಮಾನವಾಹಕ ನೌಕೆಗಳ ಮೇಲೆ ಇಳಿಯಬಲ್ಲ ಪೈಲಟ್‌ಗಳು ಸಾವಿರಾರು ಸಂಖ್ಯೆಯಲ್ಲಿ ಬೇಕಾದರು. ಅಲೆಯ ಮೇಲೆ ತೂಗಾಡುವ ಕಿರಿದಾದ ಡೆಕ್ ಮೇಲೆ ವಿಮಾನ ಇಳಿಸುವುದು ಕಲಿಯದೆ ಬರುವ ವಿದ್ಯೆಯಲ್ಲ. ಆದರೆ ತರಬೇತಿಗೆಂದು ಯುದ್ಧರಂಗದ ನೌಕೆಗಳನ್ನು ಬಿಟ್ಟುಕೊಡುವಂತಿರಲಿಲ್ಲ. ಕರಾವಳಿಯಲ್ಲಿ ಜರ್ಮನಿ, ಜಪಾನ್‌ಗಳ ಜಲಾಂತರ್ಗಾಮಿಗಳ ಭಯ ಬೇರೆ.

ಆಗ ನೌಕಾಪಡೆ ಗ್ರೇಟ್ ಲೇಕ್ಸ್ ಎನ್ನುವ ಸರೋವರಗಳಲ್ಲಿ ಪ್ರಯಾಣಿಕರನ್ನು ಸಾಗಿಸುತ್ತಿದ್ದ ಎರಡು ಹಳೆಯ ಹಬೆಹಡಗುಗಳನ್ನು ಕೊಂಡಿತು. ಕಲ್ಲಿದ್ದಲು ಉರಿಸಿ, ಎರಡು ಪಕ್ಕದಲ್ಲೂ ದೊಡ್ಡ ಚಕ್ರ ತಿರುಗಿಸಿಕೊಂಡು ಸಾಗುತ್ತಿದ್ದ ಹಡಗುಗಳವು. ಮೇಲಿನ ಅಂತಸ್ತುಗಳನ್ನು ಕಿತ್ತುಹಾಕಿ ಉದ್ದನೆಯ ಚಪ್ಪಟೆ ಡೆಕ್ ಕೂರಿಸಲಾಯಿತು. 'ಸೀಯಾಂಡ್‌ಬೀ' ಎಂಬ ಹಡಗು 1942ರ ಆಗಸ್ಟ್‌ನಲ್ಲಿ 'ವೂಲ್ವರೀನ್' ಆಯಿತು. 'ಗ್ರೇಟರ್ ಬಫಲೊ' 1943ರ ಮೇ ತಿಂಗಳಲ್ಲಿ 'ಸೇಬಲ್' ಆಯಿತು. ವಿಮಾನ ಇಡಲು ಕೆಳಗೆ ಜಾಗವಿಲ್ಲ, ಲಿಫ್ಟ್ ಇಲ್ಲ, ತೋಪು ಇಲ್ಲ. ಆದರೂ ಇಳಿದು ಏರಲು ಡೆಕ್ ಇತ್ತು; ಅಷ್ಟು ಸಾಕಿತ್ತು.

ಷಿಕಾಗೊ ಬಳಿಯ ಗ್ಲೆನ್‌ವ್ಯೂ ನೌಕಾ ವಿಮಾನ ನಿಲ್ದಾಣದಿಂದ ಹಾರಿ ಬಂದ 17 ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ಈ ಎರಡು ಹಡಗುಗಳ ಮೇಲೆ ಪರೀಕ್ಷೆ ಪಾಸಾದರು. ಒಂದು ಲಕ್ಷಕ್ಕೂ ಮಿಗಿಲಾದ ಸಲ ವಿಮಾನಗಳು ಇಲ್ಲಿ ಇಳಿದವು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್.ಡಬ್ಲ್ಯು. ಬುಷ್ ಕೂಡ 1943ರಲ್ಲಿ 'ಸೇಬಲ್' ಮೇಲೆ ಇಳಿದು ಅರ್ಹತೆ ಪಡೆದವರೇ.

ಎಲ್ಲರೂ ಸರಿಯಾಗಿ ಇಳಿಯಲಿಲ್ಲ. ಬಾಲದ ಕೊಕ್ಕೆ ಡೆಕ್‌ನ ಅಡ್ಡತಂತಿಗೆ ಸಿಕ್ಕದೆ ಕೆಲವು ವಿಮಾನಗಳು ಮುಂದಕ್ಕೆ ಜಾರಿ ಬಿದ್ದವು. ಕೆಲವು ಏರುವಾಗ ವೇಗ ಸಾಲದೆ ನೀರಿಗಿಳಿದವು. ಚಳಿಗಾಲದಲ್ಲಿ ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟಿ ಎಂಜಿನ್ ನಿಂತವು. ಹೀಗೆ ನೂರಕ್ಕೂ ಹೆಚ್ಚು ವಿಮಾನಗಳು ಸರೋವರದ ಪಾಲಾದವು. ಬಹುತೇಕ ಪೈಲಟ್‌ಗಳನ್ನು ಕಾವಲು ದೋಣಿಗಳು ತಕ್ಷಣ ಎತ್ತಿಕೊಂಡವು, ಕೆಲವರು ಬದುಕಲಿಲ್ಲ. ಬಿದ್ದ ವಿಮಾನಕ್ಕಾಗಿ ಯಾರೂ ಚಿಂತಿಸಲಿಲ್ಲ. ಕಾರ್ಖಾನೆಗಳಿಂದ ಹೊಸದು ಬರುತ್ತಲೇ ಇತ್ತು.

ಹುಡುಕುವುದು ಹೇಗೆ?

ಹುಡುಕಾಟ ಶುರುವಾಗುವುದು ನೀರಿನಲ್ಲಲ್ಲ, ಕಾಗದದಲ್ಲಿ. ನೌಕಾಪಡೆ ಪ್ರತಿ ಅಪಘಾತಕ್ಕೂ ಒಂದು ವರದಿ ಬರೆಸುತ್ತಿತ್ತು. ದಿನಾಂಕ, ವಿಮಾನದ ಸಂಖ್ಯೆ, ಪೈಲಟ್‌ನ ಹೆಸರು, ಹವಾಮಾನ, ಕಾರಣ ಎಲ್ಲ ಅದರಲ್ಲಿರುತ್ತವೆ. ಹಡಗಿನ ದಿನಚರಿಯಲ್ಲಿ ಆ ಹೊತ್ತಿಗೆ ಹಡಗು ಎಲ್ಲಿತ್ತೆಂಬ ಟಿಪ್ಪಣಿ ಸಿಗುತ್ತದೆ. ಆದರೆ ಇಂದಿನಂತೆ ಉಪಗ್ರಹದ ನೆರವಿಲ್ಲದ ಕಾಲ ಅದು. ಹಡಗಿನವರು ಗುರುತು ಹಾಕಿದ ಜಾಗ ಕೆಲವು ಮೈಲಿ ಆಚೀಚೆ ಇರಬಹುದು. ಆದ್ದರಿಂದ ವರದಿ ಕೊಡುವುದು ಒಂದು ಬಿಂದುವನ್ನಲ್ಲ, ತಡಕಬೇಕಾದ ಒಂದು ಪ್ರದೇಶವನ್ನು.

ಎರಡನೆಯ ಸುಳಿವು ಮೀನುಗಾರರದು. ಬಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹರಿದರೆ ಅಲ್ಲಿ ಏನೋ ಇದೆ ಎಂದರ್ಥ. ಬಲೆ ಹರಿಯುವ ಇಂಥ ಜಾಗಗಳನ್ನು ಮೀನುಗಾರರು ನೆನಪಿಟ್ಟುಕೊಂಡಿರುತ್ತಾರೆ.

ಆಮೇಲೆ ಬರುವುದು ಸೋನಾರ್. ಟಾರ್ಪಿಡೊ ಆಕಾರದ ಯಂತ್ರವನ್ನು ದೋಣಿಯ ಹಿಂದೆ ಕೇಬಲ್ ಕಟ್ಟಿ ತಳದ ಸಮೀಪ ಎಳೆಯುತ್ತಾರೆ. ಅದು ಎಡಬಲಕ್ಕೆ ಶಬ್ದದ ಮಿಡಿತಗಳನ್ನು ಬಿಡುತ್ತದೆ. ಗಟ್ಟಿ ವಸ್ತುವಿಗೆ ತಾಗಿದ ಶಬ್ದ ಜೋರಾಗಿ ಮರಳುತ್ತದೆ. ಮೆತ್ತನೆಯ ಕೆಸರು ಶಬ್ದವನ್ನು ನುಂಗುತ್ತದೆ. ಎದ್ದು ನಿಂತ ವಸ್ತುವಿನ ಹಿಂದೆ ಶಬ್ದ ತಲುಪುವುದಿಲ್ಲವಾದ್ದರಿಂದ, ಬಿಸಿಲಿನಲ್ಲಿ ಮರದ ನೆರಳು ಬಿದ್ದಂತೆ, ಚಿತ್ರದಲ್ಲಿ ಅದರ ನೆರಳು ಬೀಳುತ್ತದೆ. ಅನುಭವಿಗಳು ವಸ್ತುವಿಗಿಂತ ಅದರ ನೆರಳನ್ನೇ ನೋಡಿ ಇದು ರೆಕ್ಕೆ, ಇದು ಬಾಲ ಎನ್ನಬಲ್ಲರು. ಹೊಲ ಉಳುವವನು ಸಾಲಿನ ಪಕ್ಕ ಸಾಲು ಬಿಡದೆ ಉಳುವಂತೆ ದೋಣಿ ಗೊತ್ತುಮಾಡಿದ ಪ್ರದೇಶವನ್ನು ಪೂರ್ತಿ ಸುತ್ತಬೇಕು. ದಿನಗಟ್ಟಲೆ ಸುತ್ತಿದರೂ ಬಂಡೆ, ಮರದ ದಿಮ್ಮಿ, ಹಳೆಯ ದೋಣಿಗಳೇ ಸಿಗಬಹುದು.

ವಿಮಾನದಂಥ ನೆರಳು ಕಂಡರೆ ಮುಳುಗುಗಾರರನ್ನೋ, ಆಳ ಹೆಚ್ಚಿದ್ದರೆ ಕ್ಯಾಮೆರಾ ಹೊತ್ತ ಯಂತ್ರವನ್ನೋ ಇಳಿಸುತ್ತಾರೆ. ಬಾಲದ ಮೇಲಿನ ಸಂಖ್ಯೆ ಓದಲು ಸಿಕ್ಕರೆ ಕಾಗದ ಮತ್ತು ಲೋಹ ಒಂದಕ್ಕೊಂದು ತಾಳೆಯಾಗುತ್ತವೆ.

ಮೇಲೆತ್ತುವುದು ಇನ್ನೂ ನಾಜೂಕಿನ ಕೆಲಸ. ರೆಕ್ಕೆಯ ಕೆಳಗೆ ಗಟ್ಟಿ ಜಾಗ ನೋಡಿ ಪಟ್ಟಿ ಬಿಗಿಯಬೇಕು. ಗಾಳಿಚೀಲ ಊದಿಸಿ ನಿಧಾನವಾಗಿ ಎತ್ತಬೇಕು. ಒಳಗೆ ತುಂಬಿದ ನೀರು ಮತ್ತು ಕೆಸರಿನ ಭಾರಕ್ಕೆ ಮೈ ಮುರಿಯಬಹುದು. ಲಾಕ್ ನೆಸ್‌ನಲ್ಲಿ ಮೊದಲ ಯತ್ನದಲ್ಲಿ ಎತ್ತುವ ಚೌಕಟ್ಟೇ ಬಾಗಿಹೋಗಿತ್ತು. ಹೊರಬಂದ ಕ್ಷಣದಿಂದ ಲೋಹಕ್ಕೆ ಗಾಳಿ ತಗಲಿ ತುಕ್ಕು ಚುರುಕಾಗುವುದರಿಂದ ತಕ್ಷಣ ತೊಳೆದು ರಾಸಾಯನಿಕಗಳಿಂದ ಕಾಪಾಡಬೇಕು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವೆಲಿಂಗ್ಟನ್‌ಗಾಗಿ ಸ್ವಯಂಸೇವಕರು ವರ್ಷಗಟ್ಟಲೆ ದುಡಿದರು.

ಇನ್ನೂರು ತೂತುಗಳ ವಿಮಾನ

ಮಿಷಿಗನ್‌ನಿಂದ ಈವರೆಗೆ ಮೇಲೆ ಬಂದ ವಿಮಾನಗಳು ಸುಮಾರು ನಲವತ್ತು. ಅವುಗಳಲ್ಲಿ 2106 ಸಂಖ್ಯೆಯ ಡಾಂಟ್‌ಲೆಸ್ ಬಾಂಬರ್‌ನ ಕಥೆ ಈ ಕೆಲಸದ ಬೆಲೆಯನ್ನು ಒಂದೇ ಏಟಿಗೆ ತಿಳಿಸುತ್ತದೆ.

1942ರ ಜೂನ್ 4ರಂದು ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಿಂದ ಅಮೆರಿಕದ ಮರೀನ್ ಪಡೆಯ 16 ಡಾಂಟ್‌ಲೆಸ್‌ಗಳು ಜಪಾನಿನ ವಿಮಾನವಾಹಕ ನೌಕೆಗಳ ಮೇಲೆ ಎರಗಲು ಹೋದವು. ಪೈಲಟ್‌ಗಳಲ್ಲಿ ಹೆಚ್ಚಿನವರು ಹೊಸಬರು. ಅರ್ಧದಷ್ಟು ವಿಮಾನಗಳು ಮರಳಲಿಲ್ಲ. 2106ರ ಮೈತುಂಬ ಇನ್ನೂರಕ್ಕೂ ಹೆಚ್ಚು ಗುಂಡಿನ ತೂತುಗಳಾಗಿದ್ದವು. ಪೈಲಟ್ ಡೇನಿಯಲ್ ಐವರ್ಸನ್ ಅವರ ಕೊರಳ ಬಳಿಯ ಮೈಕ್ ಗುಂಡಿಗೆ ಹಾರಿಹೋಗಿತ್ತು. ಹಿಂದೆ ಕುಳಿತ ಗನ್ನರ್‌ಗೂ ಗಾಯವಾಗಿತ್ತು. ಒಂದೇ ಚಕ್ರದ ಮೇಲೆ ಅವರು ವಿಮಾನವನ್ನು ನೆಲಕ್ಕಿಳಿಸಿದರು. ಅದೇ ದಿನ ಹಡಗುಗಳಿಂದ ಬಂದ ಬೇರೆ ಡಾಂಟ್‌ಲೆಸ್‌ಗಳು ಜಪಾನಿನ ನೌಕೆಗಳನ್ನು ಮುಳುಗಿಸಿ ಯುದ್ಧದ ದಿಕ್ಕನ್ನೇ ಬದಲಿಸಿದವು.

ಗಾಯಗೊಂಡ ವಿಮಾನವನ್ನು ದುರಸ್ತಿ ಮಾಡಿ ತರಬೇತಿಗೆಂದು ಷಿಕಾಗೊಗೆ ಕಳಿಸಲಾಯಿತು. 1943ರ ಜೂನ್‌ನಲ್ಲಿ ಕಲಿಯುವ ಪೈಲಟ್ ಒಬ್ಬರ ಕೈಯಲ್ಲಿ ಅದು ಮಿಷಿಗನ್ ಸರೋವರಕ್ಕೆ ಬಿತ್ತು. ಬಿದ್ದದ್ದೇ ಅದರ ಪುಣ್ಯ. ಬೀಳದಿದ್ದರೆ ಅದೂ ಕುಲುಮೆ ಸೇರುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಪತ್ತೆಯಾಗಿ ಮೇಲೆ ಬಂದ ಅದು ಇಂದು ಫ್ಲೋರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವೈಮಾನಿಕ ಮ್ಯೂಸಿಯಂನಲ್ಲಿದೆ. ಮಿಡ್‌ವೇ ಕದನದಲ್ಲಿ ಹಾರಿದ್ದು ಖಚಿತವಾಗಿ ಗೊತ್ತಿರುವ, ಇಂದಿಗೂ ಉಳಿದಿರುವ ಡಾಂಟ್‌ಲೆಸ್ ಅದೊಂದೇ. ಐವರ್ಸನ್ ಮಾತ್ರ ಯುದ್ಧದ ಕೊನೆ ಕಾಣಲಿಲ್ಲ. 1944ರ ಜನವರಿಯಲ್ಲಿ ತರಬೇತಿ ನೀಡುತ್ತಿದ್ದಾಗ ಎರಡು ವಿಮಾನಗಳ ಡಿಕ್ಕಿಯಲ್ಲಿ ತೀರಿಕೊಂಡರು.

ಷಿಕಾಗೊದ ಒ'ಹೇರ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ನಿಂತು ನೋಡುವ ವೈಲ್ಡ್‌ಕ್ಯಾಟ್ ಯುದ್ಧವಿಮಾನವೂ ಇದೇ ಸರೋವರದಿಂದ ಬಂದದ್ದು. ಪೆಸಿಫಿಕ್‌ನಲ್ಲಿ ಮಡಿದ ವೀರ ವೈಮಾನಿಕ ಎಡ್ವರ್ಡ್ ಒ'ಹೇರ್ ಅವರ ಹೆಸರನ್ನು ಆ ನಿಲ್ದಾಣ ಹೊತ್ತಿದೆ. ಅವರು ಹಾರಿಸುತ್ತಿದ್ದ ಮಾದರಿಯ ವಿಮಾನವನ್ನು ಅಲ್ಲಿಡಲು ಸರೋವರದ ತಳಕ್ಕೇ ಹೋಗಬೇಕಾಯಿತು.

ಹಿಮದ ಮೇಲೆ ಇಳಿದವು

ಯುರೋಪಿನಲ್ಲಿ ಈ ಹುಡುಕಾಟದ ದೊಡ್ಡ ಕಣಜ ನಾರ್ವೆ. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. 1940ರ ಏಪ್ರಿಲ್‌ನಲ್ಲಿ ನಾರ್ವಿಕ್ ಬಳಿಯ ಹಾರ್ಟ್‌ವಿಕ್ ಸರೋವರದ ಹಿಮದ ಮೇಲೆ ಹತ್ತಕ್ಕೂ ಹೆಚ್ಚು ಜರ್ಮನ್ ಸಾಗಣೆ ವಿಮಾನಗಳು ಫಿರಂಗಿ ಹೊತ್ತು ಇಳಿದವು. ಮರಳಲು ಇಂಧನವಿರಲಿಲ್ಲ. ವಸಂತದಲ್ಲಿ ಹಿಮ ಕರಗಿದಂತೆ ಅವು ಒಂದೊಂದಾಗಿ ಮುಳುಗಿದವು. 1983ರಲ್ಲಿ ಅವುಗಳಲ್ಲಿ ಕೆಲವನ್ನು ಮೇಲೆತ್ತಲಾಯಿತು.

ಬ್ರಿಟನ್ನಿನ ಹ್ಯಾಲಿಫ್ಯಾಕ್ಸ್ ಬಾಂಬರ್‌ನ ಕಥೆಯೂ ನಾರ್ವೆಯ ಸರೋವರಗಳಿಗೇ ಸೇರಿದ್ದು. ಒಟ್ಟು 6,176 ಹ್ಯಾಲಿಫ್ಯಾಕ್ಸ್‌ಗಳು ತಯಾರಾದವು. ಯುದ್ಧಾನಂತರ ಪೂರ್ಣವಾದ ಒಂದನ್ನೂ ಉಳಿಸಿಕೊಳ್ಳಲಿಲ್ಲ. 1942ರ ಏಪ್ರಿಲ್‌ನಲ್ಲಿ ಜರ್ಮನಿಯ 'ಟಿರ್ಪಿಟ್ಸ್' ಯುದ್ಧನೌಕೆಯ ಮೇಲೆ ದಾಳಿಗೆ ಹೋದ ಒಂದು ಹ್ಯಾಲಿಫ್ಯಾಕ್ಸ್ ಗುಂಡೇಟು ತಿಂದು ಹೋಕ್ಲಿಂಗೆನ್ ಸರೋವರದ ಹಿಮದ ಮೇಲೆ ಹೊಟ್ಟೆಯೂರಿ ಇಳಿಯಿತು. ಸಿಬ್ಬಂದಿಯಲ್ಲಿ ಕಾಲು ಮುರಿದ ಒಬ್ಬರು ಸೆರೆಸಿಕ್ಕರು. ಉಳಿದವರು ನಡೆದು ಸ್ವೀಡನ್ ಸೇರಿದರು. ವಿಮಾನ ಹಿಮ ಒಡೆದು ತಳ ಸೇರಿತು. ಅದನ್ನು 1973ರಲ್ಲಿ ಎತ್ತಲಾಯಿತು. ಇನ್ನೊಂದು, 1945ರ ಏಪ್ರಿಲ್‌ನಲ್ಲಿ, ಯುದ್ಧ ಮುಗಿಯಲು ಎರಡು ವಾರವಿದ್ದಾಗ ನಾರ್ವೆಯ ಪ್ರತಿರೋಧ ಪಡೆಗೆ ಸಾಮಗ್ರಿ ಎಸೆಯಲು ಬಂದು ಮ್ಯೋಸಾ ಸರೋವರಕ್ಕೆ ಬಿತ್ತು. ಕೊರೆಯುವ ನೀರಿನಲ್ಲಿ ಹಿಂಬದಿ ಗನ್ನರ್ ಒಬ್ಬರೇ ಬದುಕಿದರು. ಅದು ಮೇಲೆ ಬಂದದ್ದು 1995ರಲ್ಲಿ, ಇನ್ನೂರು ಮೀಟರ್‌ಗೂ ಹೆಚ್ಚು ಆಳದಿಂದ.

ಈ ಎರಡು ವಿಮಾನಗಳನ್ನು ನಡೆಸಿಕೊಂಡ ರೀತಿ ಬೇರೆ ಬೇರೆ. ಮ್ಯೋಸಾದ ವಿಮಾನವನ್ನು ಕೆನಡಾದ ಟ್ರೆಂಟನ್‌ಗೆ ಒಯ್ದು, ಹತ್ತು ವರ್ಷ ದುಡಿದು, 2005ರ ಹೊತ್ತಿಗೆ ಹೊಸದರಂತೆ ಮಾಡಿದರು. ಹೋಕ್ಲಿಂಗೆನ್‌ನ ವಿಮಾನ ಲಂಡನ್ನಿನ ವಾಯುಪಡೆ ಮ್ಯೂಸಿಯಂನಲ್ಲಿ ಬಹುಪಾಲು ಸಿಕ್ಕ ಸ್ಥಿತಿಯಲ್ಲೇ, ಸುಕ್ಕುಗಟ್ಟಿದ ಲೋಹದೊಂದಿಗೆ ಮಲಗಿದೆ. ಒಂದು ವಿಮಾನ ಹೇಗೆ ಹಾರುತ್ತಿತ್ತೆಂದು ಹೇಳುತ್ತದೆ. ಇನ್ನೊಂದು ಹೇಗೆ ಬಿತ್ತೆಂದು ಹೇಳುತ್ತದೆ. ಎರಡೂ ಬೇಕು. ಆದರೆ ಹೊಸ ಭಾಗ ಹಾಕಿದಷ್ಟೂ ಹಳೆಯ ಸಾಕ್ಷ್ಯ ಕಡಿಮೆಯಾಗುತ್ತದೆಂಬುದನ್ನು ಮರೆಯುವಂತಿಲ್ಲ.

ಯಾರ ಸೊತ್ತು?

ತಳದಲ್ಲಿ ಸಿಕ್ಕಿದ್ದು ಸಿಕ್ಕವರದು ಎಂಬ ನ್ಯಾಯ ಯುದ್ಧವಿಮಾನಗಳಿಗೆ ಅನ್ವಯಿಸುವುದಿಲ್ಲ. ಅಮೆರಿಕದ ನೌಕಾಪಡೆ ತನ್ನ ವಿಮಾನ ಎಷ್ಟು ವರ್ಷ ಮುಳುಗಿದ್ದರೂ ತನ್ನದೇ ಎನ್ನುತ್ತದೆ. 2004ರಲ್ಲಿ ಬಂದ ಕಾಯಿದೆ ಮುಳುಗಿದ ಸೇನಾ ನೌಕೆ, ವಿಮಾನಗಳ ಮೇಲಿನ ಸರ್ಕಾರದ ಹಕ್ಕು ಕಾಲ ಕಳೆದ ಮಾತ್ರಕ್ಕೆ ಹೋಗದೆಂದು ಸ್ಪಷ್ಟಪಡಿಸಿತು. ಬ್ರಿಟನ್ 1986ರಲ್ಲೇ ಕಾಯಿದೆ ಮಾಡಿ, ಸೇನಾ ವಿಮಾನ ಬಿದ್ದ ಜಾಗವನ್ನು ಪರವಾನಗಿ ಇಲ್ಲದೆ ಅಗೆಯುವುದು ಅಪರಾಧವೆಂದಿತು.

ಈ ಬಿಗಿಗೆ ಕಾರಣವಿದೆ. ಅಪರೂಪದ ಯುದ್ಧವಿಮಾನಕ್ಕೆ ಸಂಗ್ರಾಹಕರು ಭಾರಿ ಹಣ ಕೊಡುತ್ತಾರೆ. ಅವಸರದಲ್ಲಿ ಕಿತ್ತು ತಂದರೆ ವಿಮಾನವೂ ಹಾಳು, ಅದರ ಕಥೆಯೂ ಹಾಳು. ಆದರೆ ಇನ್ನೊಂದು ಮುಖವೂ ಇದೆ. ಎತ್ತುವುದಕ್ಕೂ ರಕ್ಷಿಸುವುದಕ್ಕೂ ಲಕ್ಷಾಂತರ ಡಾಲರ್ ಬೇಕು. ಮಿಷಿಗನ್‌ನಲ್ಲಿ ಇತ್ತೀಚಿನ ಹಲವು ವಿಮಾನಗಳು ಮೇಲೆ ಬಂದದ್ದು ಖಾಸಗಿ ದಾನಿಗಳ ಹಣದಿಂದ. ಕಾನೂನು ಬಾಗಿಲು ಪೂರ್ತಿ ಮುಚ್ಚಿದರೆ ವಿಮಾನ ಯಾರ ಕೈಗೂ ಸಿಗದೆ ತಳದಲ್ಲೇ ಕೊಳೆಯುತ್ತದೆ.

ವಿಮಾನದೊಳಗೆ ಮನುಷ್ಯರಿದ್ದರೆ ಪ್ರಶ್ನೆ ಇನ್ನೂ ಗಂಭೀರ. ಇದಕ್ಕೆ ನೆದರ್‌ಲೆಂಡ್ಸ್ ಒಂದು ಉತ್ತರ ಕಂಡುಕೊಂಡಿದೆ. ಅಲ್ಲಿ 1932ರಲ್ಲಿ ಸಮುದ್ರದ ಕೊಲ್ಲಿಯೊಂದಕ್ಕೆ ಉದ್ದನೆಯ ಕಟ್ಟೆ ಕಟ್ಟಿ ಅದನ್ನು ಐಸೆಲ್‌ಮೇರ್ ಎಂಬ ಸಿಹಿನೀರಿನ ಸರೋವರವಾಗಿಸಿದರು. ಇಂಗ್ಲೆಂಡಿನಿಂದ ಜರ್ಮನಿಗೆ ಹೋಗುವ ಬಾಂಬರ್‌ಗಳ ದಾರಿ ಅದರ ಮೇಲೇ ಹಾದುಹೋಗುತ್ತಿತ್ತು. ಗುಂಡೇಟು ತಿಂದ ನೂರಾರು ವಿಮಾನಗಳು ಆ ಪ್ರದೇಶದಲ್ಲಿ ಬಿದ್ದವು. ಯುದ್ಧದ ನಂತರ ಸರೋವರದ ಭಾಗಗಳನ್ನು ಬತ್ತಿಸಿ ಹೊಲ ಮಾಡಿದಾಗ ನೇಗಿಲಿಗೆ ವಿಮಾನಗಳು ಸಿಕ್ಕವು. ಹಾಗೆ ಎದ್ದ ಡ್ರೋಂಟೆನ್ ಎಂಬ ಊರಿನ ನಡುವೆ ಲ್ಯಾಂಕಾಸ್ಟರ್ ಬಾಂಬರ್‌ನ ಪ್ರೊಪೆಲ್ಲರ್ ಒಂದು ಸ್ಮಾರಕವಾಗಿ ನಿಂತಿದೆ.

ನೀರಿನಲ್ಲೇ ಉಳಿದವುಗಳಿಗಾಗಿ ಡಚ್ ಸರ್ಕಾರ 2019ರಲ್ಲಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಕಾಣೆಯಾದ ವೈಮಾನಿಕರ ಅವಶೇಷ ಇರುವ ಸಾಧ್ಯತೆಯುಳ್ಳ, ಹೊರತೆಗೆಯಲು ಸಾಧ್ಯವಾದ 30ರಿಂದ 50 ವಿಮಾನಗಳನ್ನು ಸರ್ಕಾರದ ಖರ್ಚಿನಲ್ಲೇ ಎತ್ತುವುದು ಅದರ ಉದ್ದೇಶ. 2020ರಲ್ಲಿ ಮಾರ್ಕರ್‌ಮೇರ್ ಸರೋವರದಿಂದ ಬ್ರಿಟಿಷ್ ಸ್ಟರ್ಲಿಂಗ್ ಬಾಂಬರ್ ಒಂದನ್ನು ಹೊರತೆಗೆಯಲಾಯಿತು. ಬಿಕೆ 716 ಎಂಬ ಆ ವಿಮಾನ 1943ರ ಮಾರ್ಚ್‌ನಲ್ಲಿ ಬರ್ಲಿನ್ ದಾಳಿ ಮುಗಿಸಿ ಮರಳುವಾಗ ಏಳು ಮಂದಿಯೊಂದಿಗೆ ಕಾಣೆಯಾಗಿತ್ತು. ವಿಮಾನ ಚೂರುಚೂರಾಗಿತ್ತು. ಕೆಸರನ್ನು ಬಾಚಿ ಜರಡಿ ಹಿಡಿದು ಪ್ರತಿ ತುಣುಕನ್ನೂ ಬೇರ್ಪಡಿಸಿದರು. ಮಾನವ ಅವಶೇಷಗಳೂ ದೊರೆತವು. ಮೊದಲು ಅದನ್ನು ಬೇರೊಂದು ಸ್ಟರ್ಲಿಂಗ್ ಎಂದು ಭಾವಿಸಲಾಗಿತ್ತು, ನಂತರವಷ್ಟೇ ಸರಿಯಾದ ಗುರುತು ಸಿಕ್ಕಿತು. ಇಂಥ ಕೆಲಸದಲ್ಲಿ ಒಂದು ಅಂಕಿ ತಪ್ಪಿದರೆ ಏಳು ಕುಟುಂಬಗಳಿಗೆ ತಪ್ಪು ಸುದ್ದಿ ಹೋಗುತ್ತದೆ. ಇಲ್ಲಿ ಸಂಗ್ರಹಾಲಯಕ್ಕೆ ಇಡುವಂಥದ್ದು ಏನೂ ಉಳಿದಿರಲಿಲ್ಲ. ಕಾಣೆಯಾದವರಿಗೆ ಒಂದು ನೆಲೆ ಕಾಣಿಸುವುದೇ ಮುಖ್ಯವಾಗಿತ್ತು.

ಕಾಲ ಕಾಯುವುದಿಲ್ಲ

ಸರೋವರದ ತಳದಲ್ಲಿ ಇದ್ದದ್ದು ಇದ್ದಂತೆಯೇ ಇರುತ್ತದೆ, ಎಂದಾದರೂ ಎತ್ತಿದರಾಯಿತು ಎನ್ನುವಂತಿದ್ದರೆ ಚರ್ಚೆಗೆ ಬೇಕಾದಷ್ಟು ಸಮಯವಿತ್ತು. ಮಿಷಿಗನ್‌ನಲ್ಲಿ ಈಗ ಆ ಭರವಸೆ ಹೋಗಿದೆ. ಕಾರಣ ಬೆರಳ ಉಗುರಿನಷ್ಟು ಗಾತ್ರದ, ಕಪ್ಪೆಚಿಪ್ಪಿನ ಜಾತಿಗೆ ಸೇರಿದ ಕ್ವಾಗ್ಗಾ ಎಂಬ ಜೀವಿ. ಉಕ್ರೇನಿನ ಡ್ನೀಪರ್ ನದಿಯ ಸೀಮೆಯ ಈ ಜೀವಿ ಸರಕು ಹಡಗುಗಳು ಸಮತೋಲನಕ್ಕೆಂದು ತುಂಬಿಕೊಳ್ಳುವ ನೀರಿನಲ್ಲಿ ಸೇರಿಕೊಂಡು 1980ರ ದಶಕದ ಕೊನೆಗೆ ಗ್ರೇಟ್ ಲೇಕ್ಸ್ ತಲುಪಿತು. 2000ದ ನಂತರ ಮಿಷಿಗನ್‌ನ ಆಳದವರೆಗೂ ಹರಡಿತು. ಗಟ್ಟಿಯಾದ ಯಾವ ಮೇಲ್ಮೈ ಸಿಕ್ಕರೂ ಇವು ಪದರ ಪದರವಾಗಿ ಅಂಟಿಕೊಳ್ಳುತ್ತವೆ. ಹಡಗು, ವಿಮಾನ ಯಾವುದನ್ನೂ ಬಿಟ್ಟಿಲ್ಲ. ಅವುಗಳ ಭಾರಕ್ಕೆ ತೆಳು ತಗಡು ಕುಸಿಯುತ್ತದೆ. ಅಂಟಿದ ಜಾಗದಲ್ಲಿ ಬಣ್ಣ ಕಿತ್ತು ಲೋಹ ಸವೆಯುತ್ತದೆ. ಇವು ನೀರನ್ನು ಸೋಸಿ ತಿಳಿಗೊಳಿಸುವುದರಿಂದ ಮುಳುಗುಗಾರರಿಗೆ ಈಗ ಮೊದಲಿಗಿಂತ ದೂರ ಕಾಣುತ್ತದೆ. ಆದರೆ ಹತ್ತಿರ ಹೋದರೆ ಕಾಣುವುದು ವಿಮಾನವಲ್ಲ, ಅದರ ಆಕಾರದ ಚಿಪ್ಪಿನ ರಾಶಿ.

ಎಲ್ಲ ವಿಮಾನಗಳನ್ನೂ ಎತ್ತಬೇಕಿಲ್ಲ, ಎತ್ತಲು ಸಾಧ್ಯವೂ ಇಲ್ಲ. ಆದರೆ ಯಾವುದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಯಾವುದರಲ್ಲಿ ಮನುಷ್ಯರ ಅವಶೇಷವಿದೆ ಎಂದು ಗುರುತಿಸಿ ಬರೆದಿಡಲು ಇನ್ನು ಹೆಚ್ಚು ಕಾಲವಿಲ್ಲ. ಅಂದು ಅವುಗಳನ್ನು ಹಾರಿಸಿದವರು, ಬಿದ್ದ ಜಾಗವನ್ನು ಕಣ್ಣಾರೆ ಕಂಡವರು ಬಹುತೇಕ ಕಣ್ಮರೆಯಾಗಿದ್ದಾರೆ.

'ವೂಲ್ವರೀನ್' ಮತ್ತು 'ಸೇಬಲ್' ಹಡಗುಗಳನ್ನು 1947-48ರಲ್ಲಿ ಗುಜರಿಗೆ ಮಾರಿಬಿಟ್ಟರು. 17 ಸಾವಿರ ಪೈಲಟ್‌ಗಳು ತಮ್ಮ ವಿದ್ಯೆಯನ್ನು ಕಲಿತ ಆ ಡೆಕ್‌ಗಳು ಇಂದಿಲ್ಲ. ಅವುಗಳ ಕಥೆಗೆ ಈಗ ಸಾಕ್ಷಿಯಾಗಿ ಉಳಿದಿರುವುದು ಆ ಡೆಕ್‌ಗಳಿಂದ ಜಾರಿ ನೀರಿಗೆ ಬಿದ್ದ ವಿಮಾನಗಳೇ.